ಲಿಯೊನಾರ್ಡೊ ಬಿಡಿಸಿದ ತೋಳು, 400 ವರ್ಷ ಮುಚ್ಚಿಟ್ಟ ಹಾಳೆ

ಕಥೆ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಬಲ ಮೊಣಕೈ ಮಡಚಿ, ಅಂಗೈ ನೆಲದ ಕಡೆ ಇರಲಿ. ಎಡಗೈಯಿಂದ ಬಲಗೈ ರಟ್ಟೆ ಹಿಡ್ಕೊಳ್ಳಿ. ಈಗ ಮೊಣಕೈ ಹಾಗೇ ಇಟ್ಟು, ಅಂಗೈಯನ್ನ ಮೇಲಕ್ಕೆ ಜೋರಾಗಿ ತಿರುಗಿಸಿ. ರಟ್ಟೆ ಉಬ್ಬಿತಲ್ವಾ?

ಬೈಸೆಪ್ಸ್ ಇರೋದು ಕೈ ಮಡಚೋಕೆ ಮಾತ್ರ ಅಂತ ಜಿಮ್‌ಗೆ ಹೋಗೋ ಎಷ್ಟೋ ಜನ ಅಂದ್ಕೊಂಡಿರ್ತಾರೆ. ಆದರೆ ಅಂಗೈಯನ್ನ ಮೇಲಕ್ಕೆ ತಿರುಗಿಸೋದರಲ್ಲೂ ಅದರ ಪಾಲು ದೊಡ್ಡದು. ಇದನ್ನ 500 ವರ್ಷಗಳ ಹಿಂದೆಯೇ ಗುರುತಿಸಿದ್ದವರು ಲಿಯೊನಾರ್ಡೊ ಡ ವಿಂಚಿ. ಹೌದು, ಮೊನಾಲಿಸಾ ಬರೆದವರೇ.

1510-11ರ ಚಳಿಗಾಲ, ಇಟಲಿ. ಪಾವಿಯಾದ ಯುವ ಪ್ರಾಧ್ಯಾಪಕ ಮಾರ್ಕಾಂಟೋನಿಯೊ ಡೆಲ್ಲಾ ಟೊರ್ರೆ ಜೊತೆ ಸೇರಿ ಲಿಯೊನಾರ್ಡೊ ಶವಗಳನ್ನ ಕೊಯ್ದು ಅಭ್ಯಾಸ ಮಾಡಿದರು. ಆಗಿನ 18 ಹಾಳೆಗಳಲ್ಲಿ 240ಕ್ಕೂ ಹೆಚ್ಚು ಚಿತ್ರಗಳಿವೆ.

ಅದರಲ್ಲಿ ಭುಜವೇ ಕಷ್ಟದ ಜಾಗ. ಚಿಕ್ಕ ಸಾಸರ್ ಮೇಲೆ ದೊಡ್ಡ ನಿಂಬೆಹಣ್ಣು ಇಟ್ಟ ಹಾಗೆ, ತೋಳಿನ ಮೂಳೆಯ ದುಂಡು ತಲೆ ಆಳವಿಲ್ಲದ ಗುಳಿಯಲ್ಲಿ ಕೂತಿರುತ್ತೆ. ಜಾರದಂತೆ ಹಿಡಿದಿರೋದು ಸುತ್ತಲಿನ ಸ್ನಾಯು, ಕಟ್ಟುಗಳು. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತೆ. ಅದಕ್ಕೇ ಭುಜ ಸುಲಭವಾಗಿ ತಪ್ಪಿಹೋಗೋದು ಕೂಡ.

ಇದನ್ನೆಲ್ಲ ಒಂದೇ ಚಿತ್ರದಲ್ಲಿ ತೋರಿಸೋದು ಹೇಗೆ? ಲಿಯೊನಾರ್ಡೊ ಒಂದೇ ಭುಜವನ್ನ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹಲವು ಕೋನಗಳಿಂದ ಬಿಡಿಸಿದರು, ಇವತ್ತು ನಾವು ಫೋನಿನಲ್ಲಿ ತ್ರೀಡಿ ಮಾಡೆಲ್ ತಿರುಗಿಸೋ ಥರ. ದಪ್ಪ ಸ್ನಾಯುಗಳು ಅಡ್ಡ ಬಂದಾಗ ಅವುಗಳ ಬದಲು ಬರೀ ದಾರ ಎಳೆದರು. ಯಾವ ಸ್ನಾಯು ಎಲ್ಲಿಂದ ಎಲ್ಲಿಗೆ ಎಳೆಯುತ್ತೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಆದರೆ 1511ರಲ್ಲಿ ಡೆಲ್ಲಾ ಟೊರ್ರೆ ತೀರಿಕೊಂಡರು. ಪುಸ್ತಕ ಬರಲೇ ಇಲ್ಲ. 1519ರಲ್ಲಿ ಲಿಯೊನಾರ್ಡೊ ಕೂಡ ಹೋದರು. ಹಾಳೆಗಳು ಶಿಷ್ಯ ಫ್ರಾಂಚೆಸ್ಕೊ ಮೆಲ್ಜಿ ಕೈ ಸೇರಿ, ಮುಂದೆ ಇಂಗ್ಲೆಂಡಿನ ಅರಮನೆ ತಲುಪಿದವು. ಭುಜದ ಈ ಹಾಳೆಗಳು ಅಚ್ಚಾಗಿದ್ದು 1898ರಲ್ಲಿ!

ಅಷ್ಟರಲ್ಲಿ ವೈದ್ಯಶಾಸ್ತ್ರ ಬೇರೆ ದಾರಿಯಲ್ಲಿ ಮುಂದೆ ಹೋಗಿತ್ತು. 1543ರಲ್ಲಿ 28 ವರ್ಷದ ಆಂಡ್ರಿಯಾಸ್ ವೆಸಾಲಿಯಸ್ ತಮ್ಮ ದೊಡ್ಡ ಅಂಗರಚನೆಯ ಪುಸ್ತಕವನ್ನ ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದರು. ಪ್ರಾಣಿಗಳನ್ನ ಕೊಯ್ದು ಮನುಷ್ಯರ ಬಗ್ಗೆ ಬರೆದಿದ್ದ ಗ್ರೀಕ್ ವೈದ್ಯ ಗ್ಯಾಲೆನ್‌ನ ತಪ್ಪುಗಳನ್ನ ಎತ್ತಿ ತೋರಿಸಿದರು. ಕೆಲವರು ಒಪ್ಪಿದರು, ಕೆಲವರು ಬೈದರು. ಅಂತೂ ಪುಸ್ತಕ ಕೈಯಲ್ಲಿತ್ತು, ಹೋಲಿಸಿ ನೋಡಬಹುದಿತ್ತು, ತಪ್ಪಿದ್ದರೆ ತಿದ್ದಬಹುದಿತ್ತು. ಲಿಯೊನಾರ್ಡೊ ಹಾಳೆಗಳಿಗೆ ಸಿಗದೇ ಹೋಗಿದ್ದು ಇದೇ ಅವಕಾಶ.

ಅಂದಹಾಗೆ, ಆ ಪುಸ್ತಕದಲ್ಲಿರೋ ತಮ್ಮ ಭಾವಚಿತ್ರದಲ್ಲಿ ವೆಸಾಲಿಯಸ್ ಏನು ತೋರಿಸ್ತಿದ್ದಾರೆ ಗೊತ್ತಾ? ಚರ್ಮ ಬಿಡಿಸಿದ ಒಂದು ಕೈ.