ಅಯೋವದ ಪಶುಶಾಲೆ ಪರವಾನಗಿ: ಕೌಂಟಿಗಳ ಅಧಿಕಾರದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅಯೋವ ರಾಜ್ಯದಲ್ಲಿ ಹಂದಿ, ದನ, ಕೋಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಸಾಕುವ ಪಶುಶಾಲೆಗಳನ್ನು ಹೊಸದಾಗಿ ಕಟ್ಟಲು ಅಥವಾ ಇದ್ದದ್ದನ್ನು ವಿಸ್ತರಿಸಲು ಬೇಕಾದ ಅನುಮತಿಯ ವ್ಯವಸ್ಥೆ. ರಾಜ್ಯದಲ್ಲಿ ಜನ ಸುಮಾರು 32 ಲಕ್ಷ. ಹಂದಿಗಳು 2 ಕೋಟಿಗೂ ಹೆಚ್ಚು. ಹಂದಿ ಸಾಕಣೆಯಲ್ಲಿ ಅಮೆರಿಕಕ್ಕೇ ಮೊದಲನೆಯದಾದ ಈ ರಾಜ್ಯ 99 ಕೌಂಟಿಗಳಾಗಿ ಹಂಚಿಹೋಗಿದೆ. ಕೌಂಟಿ ಎಂದರೆ ವಿಸ್ತೀರ್ಣದಲ್ಲಿ ನಮ್ಮ ತಾಲ್ಲೂಕಿಗಿಂತ ದೊಡ್ಡದು, ಜಿಲ್ಲೆಗಿಂತ ಚಿಕ್ಕದು. ಚುನಾಯಿತ ಮೇಲ್ವಿಚಾರಕರ ಮಂಡಳಿ ಅದನ್ನು ಆಳುತ್ತದೆ. ಊರ ಪಕ್ಕದಲ್ಲಿ ಏಳಲಿರುವ ಪಶುಶಾಲೆಗೆ ಈ ಮಂಡಳಿ ‘ಬೇಡ’ ಎನ್ನಬಹುದೇ ಎಂಬ ಒಂದೇ ಪ್ರಶ್ನೆಯ ಸುತ್ತ ಅಯೋವದ ಪರವಾನಗಿಯ ಇತಿಹಾಸ ಸುತ್ತುತ್ತದೆ. ಉತ್ತರ ಸುಮಾರು 50 ವರ್ಷಗಳ ಕಾಲ ನ್ಯಾಯಾಲಯ ಮತ್ತು ಶಾಸನಸಭೆಗಳ ನಡುವೆ ಓಡಾಡಿ, ಕೊನೆಗೆ ಕೌಂಟಿಗಳ ವಿರುದ್ಧವಾಗಿ ನಿಂತಿತು.

ಸಾಕಣೆಯಲ್ಲಿ ಎರಡು ಬಗೆ. ದನಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಕೂಡಿ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವ ಜಾಗ ಫೀಡ್‌ಲಾಟ್. ಅಲ್ಲಿ ಮಳೆ ಬಂದರೆ ಸಗಣಿ ನೀರಾಗಿ ಹಳ್ಳ ಸೇರುತ್ತದೆ. ಹಂದಿಗಳದ್ದು ಬೇರೆ. ಉದ್ದನೆಯ ಮುಚ್ಚಿದ ಶೆಡ್ಡು, ಸೀಳುಸೀಳಾದ ಕಾಂಕ್ರೀಟು ನೆಲ, ಅದರ ಕೆಳಗೆ ಆಳವಾದ ಗುಂಡಿ. ಹಂದಿಗಳ ಗಂಜಲ, ಹೇಲು ಎಲ್ಲ ಸೀಳುಗಳ ಮೂಲಕ ಗುಂಡಿಗಿಳಿದು ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತವೆ. ಗುಂಡಿಯಿಂದೇಳುವ ಅನಿಲ ಹಂದಿಗಳನ್ನೇ ಕೊಲ್ಲದಿರಲೆಂದು ಗೋಡೆಯಲ್ಲಿ ದೊಡ್ಡ ಫ್ಯಾನುಗಳು ತಿರುಗುತ್ತಿರುತ್ತವೆ. ಅವು ಹೊರದೂಡಿದ ಗಾಳಿ ನೆರೆಯವರ ಪಾಲು. ಶರತ್ಕಾಲದ ಕೊಯ್ಲು ಮುಗಿದ ಮೇಲೆ ಗುಂಡಿಯನ್ನು ಬರಿದುಮಾಡಿ ದ್ರವಗೊಬ್ಬರವನ್ನು ಹೊಲದ ಮಣ್ಣಿಗೆ ಇಳಿಸುತ್ತಾರೆ. ಜಗಳ ಎದ್ದಿದ್ದು ಬಹುಮಟ್ಟಿಗೆ ಈ ಎರಡನೆಯ ಬಗೆಯ ಮೇಲೆ.

ಕೌಂಟಿಗಳಿಗೆ ಭೂಬಳಕೆಯನ್ನು ವಲಯಗಳಾಗಿ ವಿಂಗಡಿಸುವ ಅಧಿಕಾರ ಕೊಟ್ಟ ಕಾನೂನು ಅಯೋವಕ್ಕೆ ಬಂದದ್ದು 1947ರಲ್ಲಿ. ಅದರಲ್ಲೇ ಒಂದು ವಿನಾಯಿತಿಯೂ ಇತ್ತು: ಕೃಷಿಗೆ ಬಳಸುವ ಭೂಮಿ, ರೈತರ ಮನೆ, ಕೊಟ್ಟಿಗೆ, ಹೊರಕಟ್ಟಡಗಳಿಗೆ ವಲಯ ನಿಯಮ ಅನ್ವಯಿಸದು. ಶಾಸಕರ ಕಣ್ಣಮುಂದೆ ಆಗ ಇದ್ದದ್ದು ನಾಲ್ಕು ಹಸು, ಹತ್ತಿಪ್ಪತ್ತು ಹಂದಿ, ಒಂದಿಷ್ಟು ಕೋಳಿ ಇಟ್ಟುಕೊಂಡು ಹೊಲ ಉಳುತ್ತಿದ್ದ ಸಂಸಾರ. ಅಂಥ ರೈತ ಕೊಟ್ಟಿಗೆಗೊಂದು ಮಾಡು ಹಾಕಿಸಲು ಕೌಂಟಿ ಕಚೇರಿಗೆ ಅಲೆಯಬಾರದೆಂಬುದು ನ್ಯಾಯವೇ ಆಗಿತ್ತು. ಸಾವಿರಗಟ್ಟಲೆ ಹಂದಿಗಳ ಶೆಡ್ಡೂ ‘ಕೊಟ್ಟಿಗೆ’ಯೇ ಎಂಬ ಪ್ರಶ್ನೆ ಆ ಕಾಲಕ್ಕೆ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು ಹಂಬೋಲ್ಟ್ ಕೌಂಟಿಯಲ್ಲಿ. ಅಲ್ಲಿ ಕೋಳಿಮರಿ ಬೆಳೆಸುವ ಕಟ್ಟಡಗಳಿಗೆ ಕೌಂಟಿ ಅಡ್ಡಿ ಮಾಡಿತು. ಕಂಪನಿ ಕೃಷಿ ವಿನಾಯಿತಿ ಕೇಳಿತು. 1971ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕೌಂಟಿಯ ಪರ ನಿಂತಿತು. ಸುತ್ತಣ ಹೊಲದ ಬೇಸಾಯಕ್ಕೆ ಸಂಬಂಧವಿಲ್ಲದ ಸ್ವತಂತ್ರ ವ್ಯಾಪಾರ ಕೃಷಿಯ ನೆರಳಿನಲ್ಲಿ ನಿಲ್ಲಲಾರದು ಎಂಬುದು ಆ ತೀರ್ಪಿನ ತಿರುಳು. ಈ ನಿಲುವು 24 ವರ್ಷ ಬಾಳಿತು. 1995ರಲ್ಲಿ ಹ್ಯಾನ್‌ಕಾಕ್ ಕೌಂಟಿಯ ಹಾಗೂ 1996ರಲ್ಲಿ ಕ್ಯಾಸ್ ಕೌಂಟಿಯ ಮೊಕದ್ದಮೆಗಳಲ್ಲಿ ಅದೇ ನ್ಯಾಯಾಲಯ ದಿಕ್ಕು ಬದಲಿಸಿ, ಹಂದಿ ಸಾಕುವ ಶೆಡ್ಡುಗಳೂ ಕೃಷಿಯೇ, ಅವಕ್ಕೆ ವಲಯ ನಿಯಮ ತಾಗದು ಎಂದಿತು. ಕೌಂಟಿಗಳ ಕೈಯಲ್ಲಿದ್ದ ಮೊದಲ ಅಸ್ತ್ರ ಅಲ್ಲಿಗೆ ಹೋಯಿತು.

ಇದೇ ಹೊತ್ತಿಗೆ ಸಾಕಣೆಯ ಸ್ವರೂಪವೇ ಬದಲಾಗಿತ್ತು. 1980ರ ಸುಮಾರಿಗೆ ಅಯೋವದಲ್ಲಿ ಹಂದಿ ಸಾಕುವ ರೈತರು 60,000ಕ್ಕೂ ಹೆಚ್ಚು. 2017ರ ಕೃಷಿ ಗಣತಿಯ ವೇಳೆಗೆ 6,000ಕ್ಕೂ ಕಡಿಮೆ. ಹಂದಿಗಳು ಮಾತ್ರ ಕಡಿಮೆಯಾಗಲಿಲ್ಲ. ಎಂಬತ್ತರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ಸಾಲದ ಬಡ್ಡಿ ಏರಿ, ಭೂಮಿಯ ಬೆಲೆ ಕುಸಿದು ಸಣ್ಣ ರೈತರು ನೆಲಕಚ್ಚಿದರು. ಉಳಿದವರಲ್ಲಿ ಅನೇಕರು ಕಂಪನಿಗಳ ಗುತ್ತಿಗೆ ಸಾಕಣೆದಾರರಾದರು: ಹಂದಿ, ಮೇವು ಕಂಪನಿಯದು, ಶೆಡ್ಡು, ಸಾಲ, ಗೊಬ್ಬರ ರೈತನದು. ಗೊಬ್ಬರವನ್ನು ಹೊಲಕ್ಕೆ ಹಾಕಿ ಕೊಳ್ಳುವ ರಸಗೊಬ್ಬರದ ಖರ್ಚು ಉಳಿಸುವವನಿಗೆ ಅದು ಲಾಭವೂ ಹೌದು. ಆದ್ದರಿಂದ ಈ ಜಗಳವನ್ನು ಕಂಪನಿ ವಿರುದ್ಧ ಹಳ್ಳಿ ಎಂದಷ್ಟೇ ಹೇಳಿದರೆ ತಪ್ಪಾಗುತ್ತದೆ. ಎಷ್ಟೋ ಕಡೆ ಅದು ಬೇಲಿಯ ಆಚೀಚೆಯ ಎರಡು ರೈತ ಕುಟುಂಬಗಳ ಜಗಳ.

ಕೌಂಟಿಗಳ ನಿಯಮಗಳ ಆಚೆ, ಒಕ್ಕೂಟ ಸರ್ಕಾರದ 1972ರ ಶುದ್ಧಜಲ ಕಾಯಿದೆ ದೊಡ್ಡ ಪಶುಶಾಲೆಗಳನ್ನು ಕಾರ್ಖಾನೆಯ ಕೊಳವೆಗಳ ಸಾಲಿಗೆ ಸೇರಿಸಿ, ನೀರಿಗೆ ಕೊಳೆ ಬಿಡುವವರು ಪರವಾನಗಿ ಪಡೆಯಬೇಕೆಂದು ವಿಧಿಸಿತು. ಬಯಲು ಫೀಡ್‌ಲಾಟಿಗೆ ಇದು ತಟ್ಟಿತು. ತಾನು ಹನಿಯನ್ನೂ ಹೊರಬಿಡುವುದಿಲ್ಲ, ಎಲ್ಲ ಗುಂಡಿಯಲ್ಲೇ ಇದೆ ಎನ್ನುವ ಮುಚ್ಚಿದ ಶೆಡ್ಡಿಗೆ ಅಷ್ಟಾಗಿ ತಟ್ಟಲಿಲ್ಲ. ಕೊಳೆ ಬಿಡುವ ‘ಸಾಧ್ಯತೆ’ಯ ಮೇಲಷ್ಟೇ ಒಕ್ಕೂಟ ಪರವಾನಗಿ ಕೇಳುವಂತಿಲ್ಲ ಎಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಖಚಿತಪಡಿಸಿತು. ಹೀಗಾಗಿ ಅಯೋವದ ಹಂದಿ ಶೆಡ್ಡಿಗೆ ನಿಜವಾದ ಬಾಗಿಲು ರಾಜ್ಯದ ನಿರ್ಮಾಣ ಪರವಾನಗಿಯೇ.

ಆ ಬಾಗಿಲಿಗೆ ಚೌಕಟ್ಟು ಬಿದ್ದದ್ದು 1995ರಲ್ಲಿ, ಗವರ್ನರ್ ಟೆರಿ ಬ್ರಾನ್‌ಸ್ಟಾಡ್ ಅವರ ಕಾಲದಲ್ಲಿ. ಹೌಸ್ ಫೈಲ್ 519 ಎಂಬ ಆ ಕಾನೂನು ಶೆಡ್ಡಿಗೂ ನೆರೆಮನೆಗೂ ಇರಬೇಕಾದ ಕನಿಷ್ಠ ಅಂತರ, ಗೊಬ್ಬರ ನಿರ್ವಹಣಾ ಯೋಜನೆ, ನಿರ್ಮಾಣ ಪರವಾನಗಿಗಳನ್ನು ಒಂದೆಡೆ ತಂದಿತು. ಹಳ್ಳಿಗಳಿಗೆ ಅದು ಸಾಲದೆನಿಸಿತು. 1996ರಲ್ಲಿ ಹಂಬೋಲ್ಟ್ ಕೌಂಟಿ, 1971ರಲ್ಲಿ ಗೆದ್ದಿದ್ದ ಅದೇ ಕೌಂಟಿ, ನಾಲ್ಕು ಸ್ಥಳೀಯ ಶಾಸನಗಳನ್ನು ಮಾಡಿತು: ಕೌಂಟಿಯಿಂದಲೂ ಪರವಾನಗಿ, ಸ್ವಚ್ಛಗೊಳಿಸುವ ಖರ್ಚಿಗೆ ಮುಂಗಡ ಭದ್ರತೆ, ಅಂತರ್ಜಲ ರಕ್ಷಣೆ, ವಿಷಾನಿಲಕ್ಕೆ ಮಿತಿ. ವಲಯ ನಿಯಮ ಎಂಬ ಹೆಸರನ್ನೇ ಬಿಟ್ಟು ಜನಾರೋಗ್ಯದ ಹೆಸರಿನಲ್ಲಿ ಮಾಡಿದ ಜಾಣ ಶಾಸನಗಳಿವು. 1998ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟು ನಾಲ್ಕನ್ನೂ ಅಸಿಂಧುಗೊಳಿಸಿತು. ಇವು ವಲಯ ನಿಯಮಗಳಲ್ಲ ಎಂಬ ಕೌಂಟಿಯ ವಾದಕ್ಕೆ ಬೆಲೆ ಸಿಕ್ಕರೂ, ರಾಜ್ಯದ ಕಾನೂನಿನೊಂದಿಗೆ ಘರ್ಷಿಸುತ್ತವೆ ಎಂಬ ಕಾರಣಕ್ಕೆ ಬಿದ್ದುಹೋದವು.

ಶಾಸನಸಭೆ ಅಲ್ಲಿಗೆ ಸುಮ್ಮನಿರಲಿಲ್ಲ. ಅದೇ ವರ್ಷ, ರಾಜ್ಯದ ಕಾನೂನು ಸ್ಪಷ್ಟವಾಗಿ ಅಧಿಕಾರ ಕೊಟ್ಟ ಹೊರತು ಪ್ರಾಣಿ ಸಾಕುವ ನೆಲದ ಮೇಲಿನ ಯಾವ ಚಟುವಟಿಕೆಯನ್ನೂ ಕೌಂಟಿ ನಿಯಂತ್ರಿಸುವಂತಿಲ್ಲ ಎಂದು ಬರೆದಿಟ್ಟಿತು. ಬಳಿಕ ವರ್ತ್ ಕೌಂಟಿ ಗ್ರಾಮೀಣ ಆರೋಗ್ಯದ ಹೆಸರಿನಲ್ಲಿ ಮತ್ತೊಮ್ಮೆ ಪ್ರಯತ್ನಿಸಿತು. 2004ರಲ್ಲಿ ಅದೂ ಸೋತಿತು.

ಪರವಾನಗಿಯ ದಾರಿ ಮುಚ್ಚಿಹೋದವರಿಗೆ ಉಳಿದದ್ದು ಉಪದ್ರವದ ದಾವೆ, ಅಂದರೆ ನೆರೆಯವನಿಂದಾಗುವ ತೊಂದರೆಯ ವಿರುದ್ಧ ಹೂಡುವ ಮೊಕದ್ದಮೆ. ಅದಕ್ಕೂ ಒಂದು ಹಿನ್ನೆಲೆಯುಂಟು. ಅರಿಜೋನದಲ್ಲಿ 1956ರಿಂದ ಬೆಳೆದ ಫೀಡ್‌ಲಾಟಿನತ್ತ ಸನ್ ಸಿಟಿ ಎಂಬ ನಿವೃತ್ತರ ಬಡಾವಣೆ ಹಬ್ಬುತ್ತ ಬಂತು. ನೊಣ, ನಾತ ತಾಳಲಾರದೆ ಬಡಾವಣೆಗಾರರೇ ಕೋರ್ಟಿಗೆ ಹೋದರು. 1972ರ ತೀರ್ಪು ವಿಚಿತ್ರವಾದರೂ ನ್ಯಾಯವಾಗಿತ್ತು: ಫೀಡ್‌ಲಾಟ್ ಜಾಗ ಬಿಡಬೇಕು, ಅದರ ನಷ್ಟವನ್ನು ಬಡಾವಣೆಗಾರ ತುಂಬಿಕೊಡಬೇಕು. ಪಟ್ಟಣ ತಮ್ಮತ್ತ ಬಂದು ತಮ್ಮನ್ನೇ ಓಡಿಸೀತೆಂದು ಹೆದರಿದ ಕೃಷಿ ರಾಜ್ಯಗಳು ಮುಂದಿನ ವರ್ಷಗಳಲ್ಲಿ ಇಂಥ ದಾವೆಗಳಿಂದ ಸಾಕಣೆದಾರರನ್ನು ಕಾಯುವ ‘ಬೇಸಾಯದ ಹಕ್ಕು’ ಕಾನೂನುಗಳನ್ನು ತಂದವು. ಇಂದು ಎಲ್ಲ 50 ರಾಜ್ಯಗಳಲ್ಲೂ ಅವು ಇವೆ. ಅಯೋವದ ಕತೆ ಮಾತ್ರ ಉಲ್ಟಾ: ಇಲ್ಲಿ ಎಷ್ಟೋ ಸಲ ಮನೆ ಹಳೆಯದು, ಶೆಡ್ಡು ಹೊಸದು. 1998ರಲ್ಲಿ ಕೊಸುತ್ ಕೌಂಟಿಯ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನು ಗಮನಿಸಿತು. ಕೃಷಿವಲಯದೊಳಗಿನವರ ಮೇಲೆ ನೆರೆಯವರು ದಾವೆ ಹೂಡದಂತೆ ತಡೆಯುವುದೆಂದರೆ ಪರಿಹಾರವಿಲ್ಲದೆ ನೆರೆಯವರ ಆಸ್ತಿ ಕಿತ್ತುಕೊಂಡಂತೆ ಎಂದು ತೀರ್ಮಾನಿಸಿ ಆ ರಕ್ಷಣೆಯನ್ನು ಅಸಾಂವಿಧಾನಿಕವೆಂದಿತು. 2004ರಲ್ಲಿ ಇನ್ನೊಂದು ತೀರ್ಪು ಇದೇ ಜಾಡಿನಲ್ಲಿ ಬಂತು. 2022ರಲ್ಲಿ ನ್ಯಾಯಾಲಯ ಆ 2004ರ ತೀರ್ಪನ್ನು ಕೈಬಿಟ್ಟಿತು.

ಮಧ್ಯದಲ್ಲಿ ಒಂದು ರಾಜಿ ಆಗಿತ್ತು. 2002ರಲ್ಲಿ ಅಯೋವದ ಎರಡು ದೊಡ್ಡ ವಿಶ್ವವಿದ್ಯಾನಿಲಯಗಳು ಸೇರಿ ಪಶುಶಾಲೆಗಳ ಗಾಳಿಯ ಬಗ್ಗೆ ಅಧ್ಯಯನ ವರದಿ ಕೊಟ್ಟವು. ಅದೇ ವರ್ಷ ಗವರ್ನರ್ ಟಾಮ್ ವಿಲ್‌ಸ್ಯಾಕ್ ಅವರ ಕಾಲದಲ್ಲಿ ಸೆನೆಟ್ ಫೈಲ್ 2293 ಕಾನೂನಾಯಿತು. ಅದರಿಂದ ಹುಟ್ಟಿದ್ದೇ ‘ಮಾಸ್ಟರ್ ಮ್ಯಾಟ್ರಿಕ್ಸ್’ ಎಂಬ ಅಂಕಪಟ್ಟಿ; 2003ರಿಂದ ಜಾರಿಯಲ್ಲಿದೆ. 44 ಪ್ರಶ್ನೆ, 880 ಅಂಕ. ತೇರ್ಗಡೆಗೆ 440 ಸಾಕು. ಗಾಳಿ, ನೀರು, ಜನಜೀವನ ಎಂಬ ಮೂರು ವಿಭಾಗಗಳಲ್ಲಿ ಪ್ರತಿಯೊಂದರಲ್ಲೂ ನಾಲ್ಕನೇ ಒಂದು ಭಾಗ ಬರಬೇಕು. ನಮ್ಮ ಎಸ್‌ಎಸ್‌ಎಲ್‌ಸಿಯಂತೆ ಒಟ್ಟು ಅಂಕವೂ ಬೇಕು, ವಿಷಯವಾರು ಕನಿಷ್ಠವೂ ಬೇಕು. ವ್ಯತ್ಯಾಸವೆಂದರೆ ಇಲ್ಲಿ ಪ್ರಶ್ನೆ ಆರಿಸಿಕೊಳ್ಳುವವನು ಅಭ್ಯರ್ಥಿಯೇ. ಕಾನೂನು ಕೇಳುವುದಕ್ಕಿಂತ ಹೆಚ್ಚು ದೂರದಲ್ಲಿ ಕಟ್ಟಿದರೆ ಅಂಕ. ಗೊಬ್ಬರವನ್ನು ಮೇಲೆ ಚೆಲ್ಲದೆ ಮಣ್ಣಿನೊಳಕ್ಕೆ ಇಳಿಸಿದರೆ ಅಂಕ. ವಾಸನೆ ತಡೆಯುವ ಸೋಸುಕ ಹಾಕಿದರೆ ಅಂಕ. ಲಾರಿಗಳು ರಸ್ತೆಯಿಂದ ಹಿಮ್ಮುಖವಾಗಿ ಬರದೆ ಒಳಗೇ ತಿರುಗಲು ಜಾಗ ಬಿಟ್ಟರೂ ಅಂಕ! ದುಬಾರಿಯಾದ ಸೋಸುಕವನ್ನು ಬಿಟ್ಟು, ಅಗ್ಗದ ಅಂಕಗಳನ್ನು ಕೂಡಿಸಿ 440 ಮುಟ್ಟುವುದು ಕಷ್ಟವೇನಲ್ಲ. ಅರ್ಜಿ ತುಂಬಿಕೊಡುವ ಸಲಹೆಗಾರರಿಗೆ ಆ ಲೆಕ್ಕ ಬಾಯಿಪಾಠ. ಬಹುಪಾಲು ಅರ್ಜಿಗಳು ತೇರ್ಗಡೆಯಾಗುತ್ತವೆ.

ಕೌಂಟಿಯ ಪಾತ್ರ ಹೀಗಿದೆ. ಈ ವ್ಯವಸ್ಥೆಯಲ್ಲಿ ಭಾಗವಹಿಸುವುದಾದರೆ ಮಂಡಳಿ ಪ್ರತಿ ವರ್ಷ ಜನವರಿಯಲ್ಲಿ ಹೊಸದಾಗಿ ಠರಾವು ಮಾಡಬೇಕು. ಮರೆತರೆ ಆ ವರ್ಷ ಅಂಕಪಟ್ಟಿಯ ಆಧಾರದ ಮೇಲೆ ಶಿಫಾರಸು ಮಾಡುವ ಹಕ್ಕಿಲ್ಲ. ಸಾಮಾನ್ಯವಾಗಿ 99ರಲ್ಲಿ 80ಕ್ಕೂ ಹೆಚ್ಚು ಕೌಂಟಿಗಳು ಠರಾವು ಮಾಡುತ್ತವೆ. ಅರ್ಜಿ ಬಂದಾಗ ಮಂಡಳಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತದೆ, ಬೇಕಾದರೆ ಬಹಿರಂಗ ವಿಚಾರಣೆ ಕರೆಯುತ್ತದೆ, ಅಂಕ ಎಣಿಸಿ ಶಿಫಾರಸನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಕಳಿಸುತ್ತದೆ. ವಿಚಾರಣೆಗೆ ಜನ ಕಿಕ್ಕಿರಿಯುತ್ತಾರೆ. ಆಸ್ತಮಾ ಇರುವ ಮಗು, ಕಿಟಕಿ ತೆರೆಯಲಾಗದ ಬೇಸಿಗೆ, ಬಿದ್ದುಹೋದ ಮನೆಯ ಬೆಲೆ, ಎಲ್ಲವೂ ಅಲ್ಲಿ ಬರುತ್ತವೆ. 44 ಪ್ರಶ್ನೆಗಳೊಳಗೆ ಸೇರದ ಮಾತಿಗೆ ಅಂಕವಿಲ್ಲ. ಮಂಡಳಿ ಒಮ್ಮತದಿಂದ ಬೇಡವೆಂದರೂ ಇಲಾಖೆಯ ಎಣಿಕೆಯಲ್ಲಿ 440 ಬಂದರೆ ಪರವಾನಗಿ ಸಿಗುತ್ತದೆ. ಕೌಂಟಿಗೆ ಉಳಿಯುವುದು ಗವರ್ನರ್ ನೇಮಿಸುವ ಒಂಬತ್ತು ಸದಸ್ಯರ ಪರಿಸರ ಸಂರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಪರೀಕ್ಷೆಗೆ ಕೂರದೆಯೇ ಪಾರಾಗುವ ದಾರಿಯೂ ಇದೆ. ಲೆಕ್ಕ ನಡೆಯುವುದು ಪ್ರಾಣಿ ಘಟಕದಲ್ಲಿ: ಕೊಬ್ಬಿಸುವ ದನ ಒಂದಕ್ಕೆ 1, ಬಲಿತ ಹಾಲಿನ ಹಸುವಿಗೆ 1.4, ಸುಮಾರು 25 ಕಿಲೋ ಮೀರಿದ ಹಂದಿಗೆ 0.4. ನಿರ್ಮಾಣ ಪರವಾನಗಿ ಬೇಕಾಗುವುದು 1,000 ಘಟಕಕ್ಕೆ, ಅಂದರೆ 2,500 ಹಂದಿಗೆ. ಹೀಗಾಗಿ 2,499 ಹಂದಿಗಳ ಶೆಡ್ಡುಗಳು ಅಯೋವದಲ್ಲಿ ಮಾಮೂಲು. ಅದಕ್ಕೆ ಗೊಬ್ಬರ ಯೋಜನೆ ಸಲ್ಲಿಸಬೇಕು, ನೆರೆಮನೆಯಿಂದ 1,250 ಅಡಿ ದೂರವಿರಬೇಕು. ಅಂಕಪಟ್ಟಿ ಇಲ್ಲ, ವಿಚಾರಣೆ ಇಲ್ಲ. 1,000 ಘಟಕ ದಾಟಿದರೆ ದೂರ 1,875 ಅಡಿ. ನೆರೆಯವರು ಬರೆದುಕೊಟ್ಟರೆ ಆ ದೂರವನ್ನೂ ಬಿಡಬಹುದು. ಹಳೆಯ ಪಶುಶಾಲೆಗಳ ವಿಸ್ತರಣೆಗೆ ಇನ್ನೂ ಸಡಿಲು: 2002ರ ಏಪ್ರಿಲ್‌ಗೆ ಮೊದಲೇ ಇದ್ದವು 1,667 ಘಟಕ ಮುಟ್ಟುವವರೆಗೆ ಅಂಕಪಟ್ಟಿಯ ಗೊಡವೆಗೆ ಬರುವುದಿಲ್ಲ. ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳಬಹುದಾದ ಮಿತಿಯನ್ನು ಎರಡು ದಶಕ ಮುಟ್ಟದೆ ಬಿಟ್ಟಿರುವುದು ಈ ವ್ಯವಸ್ಥೆಯ ದೊಡ್ಡ ದೋಷ. 2017ರಲ್ಲಿ ಎರಡು ನಾಗರಿಕ ಸಂಘಟನೆಗಳು ತೇರ್ಗಡೆಯ ಅಂಕ ಏರಿಸಬೇಕೆಂದು ಆಯೋಗಕ್ಕೆ ಅರ್ಜಿ ಕೊಟ್ಟವು. ಹಲವು ಕೌಂಟಿ ಮಂಡಳಿಗಳೂ ಬದಲಾವಣೆ ಕೇಳಿದವು. ಆಯೋಗ ಅರ್ಜಿಯನ್ನು ತಿರಸ್ಕರಿಸಿತು.

ಬಯಲು ಫೀಡ್‌ಲಾಟ್‌ಗಳಿಗೆ 2005ರಿಂದ ಬೇರೆಯೇ ಕಾನೂನಿದೆ. ಅಂಕಪಟ್ಟಿ ಅವಕ್ಕೆ ಅನ್ವಯಿಸದು. ಅದರ ಪರಿಣಾಮ ಕಂಡದ್ದು ಈಶಾನ್ಯ ಅಯೋವದ ಕ್ಲೇಟನ್ ಕೌಂಟಿಯಲ್ಲಿ. ಸುಣ್ಣಕಲ್ಲು ಕರಗಿ ನೆಲದಡಿ ಬಿರುಕು, ಬಿಲಗಳಾದ ಪ್ರದೇಶವದು. ಮೇಲೆ ಚೆಲ್ಲಿದ ನೀರು ಬೇಗ ಕೆಳಗಿನ ಬುಗ್ಗೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಟ್ರೌಟ್ ಮೀನಿಗೆ ಹೆಸರಾದ ಬ್ಲಡಿ ರನ್ ತೊರೆಯ ತಲೆಯಲ್ಲೇ, ಮೊನೋನ ಊರಿನ ಬಳಿ, 11,600 ದನಗಳ ಫೀಡ್‌ಲಾಟಿನ ಗೊಬ್ಬರ ಯೋಜನೆಗೆ ಇಲಾಖೆ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಜಿಲ್ಲಾ ನ್ಯಾಯಾಲಯ ಒಪ್ಪಿಗೆಯನ್ನು ರದ್ದುಮಾಡಿತು. ಅದೇ ವರ್ಷ ಇಲಾಖೆ ತಿದ್ದಿದ ಯೋಜನೆಗೆ ಮತ್ತೆ ಒಪ್ಪಿತು.

ನೆರೆಯ ಮಿನೆಸೋಟದ ದಾರಿ ಬೇರೆ. ಅಲ್ಲಿ ಕೌಂಟಿಗಳು ತಮ್ಮ ವಲಯ ನಿಯಮದಡಿ ಫೀಡ್‌ಲಾಟಿಗೆ ಷರತ್ತು ಹಾಕಬಹುದು, ನಿರಾಕರಿಸಲೂಬಹುದು. 87 ಕೌಂಟಿಗಳಲ್ಲಿ ಸುಮಾರು 50 ಕೌಂಟಿಗಳಿಗೆ ರಾಜ್ಯವೇ ತನ್ನ ಫೀಡ್‌ಲಾಟ್ ನಿಯಮಗಳ ಜಾರಿಯನ್ನು ವಹಿಸಿಕೊಟ್ಟಿದೆ. ದಕ್ಷಿಣದ ಮಿಸೌರಿ ಅಯೋವದ ಜಾಡು ಹಿಡಿಯಿತು: ರಾಜ್ಯಕ್ಕಿಂತ ಬಿಗಿಯಾದ ಆರೋಗ್ಯ ನಿಯಮ ಮಾಡದಂತೆ 2019ರಲ್ಲಿ ಕೌಂಟಿಗಳ ಕೈಕಟ್ಟಿತು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಯೋವದಲ್ಲಿ 1998ರ ನಿರ್ಬಂಧ ಇಂದಿಗೂ ಹಾಗೇ ಇದೆ. ಪಶುಶಾಲೆಯೊಂದನ್ನು ತನ್ನದೇ ಶಾಸನದ ಬಲದಿಂದ ನಿಲ್ಲಿಸುವ ಅಧಿಕಾರ ಅಲ್ಲಿನ 99 ಕೌಂಟಿಗಳಲ್ಲಿ ಒಂದಕ್ಕೂ ಇಲ್ಲ.