ಕೊಳವೆ ಬಾವಿ ನೀರಿಗೆ ರಾಸಾಯನಿಕ ಶೋಧಕ ವಸ್ತುಗಳ ಆಯ್ಕೆ: ಕಲ್ಮಲ, ದೇವದುರ್ಗ ಮತ್ತು ಮಾನ್ವಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ರಾಯಚೂರು ತಾಲೂಕಿನ ಕಲ್ಮಲ ಹಾಗೂ ಸುತ್ತಲಿನ ಗ್ರಾಮಗಳಲ್ಲಿ, ಅಂತೆಯೇ ದೇವದುರ್ಗ ಮತ್ತು ಮಾನ್ವಿ ತಾಲೂಕುಗಳಲ್ಲಿ, ಕುಡಿಯಲು ಮತ್ತು ಅಡುಗೆಗೆ ಕೊಳವೆ ಬಾವಿಯ ನೀರನ್ನು ಅವಲಂಬಿಸಿರುವ ಕುಟುಂಬಗಳು ಮನೆಬಳಕೆಯ ಶೋಧಕವನ್ನು ಖರೀದಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಅಂಗಡಿಯವರು ಮೀಡಿಯಾ ಎಂದು ಕರೆಯುವ, ಶೋಧಕದ ಒಳಗೆ ತುಂಬುವ ಹರಳು ಅಥವಾ ಪುಡಿಯನ್ನೇ ಇಲ್ಲಿ ಶೋಧಕ ವಸ್ತು ಎನ್ನಲಾಗಿದೆ.

ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಿದ್ದರೂ ನಡುವಿನ ಭೂಮಿಯ ಅಡಿಯಲ್ಲಿರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಸೇರುತ್ತದೆ. ಸುಣ್ಣದ ಅಂಶ ಕಡಿಮೆಯಿದ್ದು ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಇದರ ಪ್ರಮಾಣ ಏರುತ್ತದೆ. ಆದಕಾರಣ ಬಾಯಿಗೆ ಮೆತ್ತಗೆ, ರುಚಿಯಾಗಿ ತೋರುವ ಬಾವಿಯ ನೀರೇ ಅಪಾಯಕಾರಿಯಾಗಿರಬಹುದು, ಸವಳು ನೀರಿನಲ್ಲಿ ಫ್ಲೋರೈಡ್ ಮಿತಿಯೊಳಗೇ ಇರಬಹುದು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ, ಬದಲಾಗಿ ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಒಮ್ಮೆ ಮೂಡಿದ ಕಂದು ಕಲೆ ಮುಂದೆ ಒಳ್ಳೆಯ ನೀರು ಕುಡಿದರೂ ಮಾಯುವುದಿಲ್ಲ.

ಮೊದಲು ಪರೀಕ್ಷೆ, ನಂತರ ಖರೀದಿ

ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿ.ಗ್ರಾಂ. ನೈಟ್ರೇಟ್‌ಗೆ 45 ಮಿ.ಗ್ರಾಂ ಮಿತಿಯಿದ್ದು, ಇದರಲ್ಲಿ ಸಡಿಲಿಕೆ ಇರುವುದಿಲ್ಲ. ಮಾದರಿಯನ್ನು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿಯೇ ಸಂಗ್ರಹಿಸತಕ್ಕದ್ದು. ಪಂಪನ್ನು ಕೆಲವು ನಿಮಿಷ ಚಾಲನೆಯಲ್ಲಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಬಾರಿ ತೊಳೆದು, ನಂತರ ತುಂಬತಕ್ಕದ್ದು. ನೆರೆಮನೆಯವರ ವರದಿಯನ್ನು ತಮ್ಮದೆಂದು ಭಾವಿಸಬಾರದು. ಒಂದೇ ಓಣಿಯ ಎರಡು ಕೊಳವೆ ಬಾವಿಗಳ ಫಲಿತಾಂಶ ಬೇರೆ ಬೇರೆಯಾಗಿ ಬರುವುದುಂಟು.

ಯಾವ ವಸ್ತು ಯಾವುದಕ್ಕೆ

ಸಕ್ರಿಯ ಇಂಗಾಲ: ತೆಂಗಿನ ಚಿಪ್ಪಿನ ಇದ್ದಿಲಿನಿಂದ ತಯಾರಾಗುವ ಇದು ಕ್ಲೋರಿನ್, ಕೆಟ್ಟ ವಾಸನೆ ಹಾಗೂ ಅನೇಕ ಕೀಟನಾಶಕಗಳನ್ನು ಹಿಡಿದಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿಗೆ ಹೊಂದಿಕೊಂಡಿರುವ ಮಾನ್ವಿ ಭಾಗದ ಮನೆಗಳಲ್ಲಿ ಇದರಿಂದ ಪ್ರಯೋಜನವಿದೆ. ಆದರೆ ಫ್ಲೋರೈಡ್, ನೈಟ್ರೇಟ್ ಮತ್ತು ಗಡಸುತನದ ಮೇಲೆ ಇದರ ಪರಿಣಾಮ ನಗಣ್ಯ. ಎಲ್ಲವನ್ನೂ ಶುದ್ಧೀಕರಿಸುತ್ತದೆ ಎಂದು ಹೇಳಿ ಇದ್ದಿಲಿನ ಶೋಧಕವನ್ನು ಮಾರುವವರ ಮಾತನ್ನು ನಂಬಬಾರದು.

ಸಕ್ರಿಯ ಅಲ್ಯೂಮಿನಾ: ಫ್ಲೋರೈಡ್ ಮಾತ್ರವೇ ಸಮಸ್ಯೆಯಾಗಿದ್ದಲ್ಲಿ ಮನೆಬಳಕೆಗೆ ಇದು ಸೂಕ್ತ. ಇದರ ಬಿಳಿ ಹರಳುಗಳ ಮೇಲ್ಮೈಗೆ ಫ್ಲೋರೈಡ್ ಅಂಟಿಕೊಳ್ಳುತ್ತದೆ. ನೀರಿನ ಪಿಎಚ್ 5.5ರಿಂದ 6ರಷ್ಟಿದ್ದಾಗ ಇದು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ನಮ್ಮ ಭಾಗದ ಬಾವಿಗಳ ನೀರು ಸಾಮಾನ್ಯವಾಗಿ ಕ್ಷಾರೀಯವಾಗಿದ್ದು, ಬೈಕಾರ್ಬೊನೇಟ್ ಮತ್ತು ಸಿಲಿಕಾ ಕೂಡ ಅದೇ ಹರಳುಗಳ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಹೀಗಾಗಿ ಚೀಲದ ಮೇಲೆ ಮುದ್ರಿಸಿರುವ ಸಾಮರ್ಥ್ಯ ಇಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ನೀರು ನಿಧಾನವಾಗಿ ಇಳಿಯುವುದೂ ಅವಶ್ಯಕ. ಬಿಂದಿಗೆ ಬೇಗ ತುಂಬಲೆಂದು ಹೊರದಾರಿಯ ರಂಧ್ರವನ್ನು ದೊಡ್ಡದು ಮಾಡಿದಲ್ಲಿ ಶೋಧಕವಿದ್ದೂ ಇಲ್ಲದಂತಾಗುತ್ತದೆ.

ಮೂಳೆ ಇದ್ದಿಲು: ಪೂರ್ವ ಆಫ್ರಿಕಾದ ದೇಶಗಳಲ್ಲಿ ಫ್ಲೋರೈಡ್ ನಿವಾರಣೆಗೆ ಬಳಕೆಯಲ್ಲಿದೆ. ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮನೆಮಂದಿಯ ಮನಸ್ಸು ಒಪ್ಪದ ವಸ್ತು ಮೂಲೆ ಸೇರುವುದೇ ಹೆಚ್ಚು.

ಕಬ್ಬಿಣದ ಹೈಡ್ರಾಕ್ಸೈಡ್ ಹರಳು: ಇದು ಆರ್ಸೆನಿಕ್‌ಗೆ. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಸಮೀಪ, ನೀರಿನಲ್ಲಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ಹಾನಿಯಾಗಿರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ. ಚಿನ್ನದ ನಿಕ್ಷೇಪವಿರುವ ಪ್ರದೇಶದವರು ಆರ್ಸೆನಿಕ್ ಪರೀಕ್ಷೆಯನ್ನೂ ಕೋರುವುದು ಸೂಕ್ತ. ಇದೇ ಬಗೆಯ ಹರಳು ಮತ್ತು ಇದ್ದಿಲು ಸಮುದ್ರದ ಮೀನು, ಹವಳ ಸಾಕುವ ಗಾಜಿನ ತೊಟ್ಟಿಗಳಿಗೆಂದು ಪೇಟೆಯಲ್ಲಿ ಸಿಗುತ್ತದೆ. ಹೆಸರು ಒಂದೇ ಎಂದು ಅವುಗಳನ್ನು ಕುಡಿಯುವ ನೀರಿಗೆ ಬಳಸಬಾರದು.

ಮೆದುಗೊಳಿಸುವ ರಾಳ: ಗಡಸು ನೀರಿನ ಸುಣ್ಣದ ಅಂಶವನ್ನು ತೆಗೆದು ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು ಅನುಕೂಲ, ಫ್ಲೋರೈಡ್‌ಗೆ ನಿರುಪಯೋಗಿ. ರಕ್ತದೊತ್ತಡ ಇರುವವರು ಇಂತಹ ನೀರನ್ನು ಕುಡಿಯುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

ಫ್ಲೋರೈಡ್ ಜೊತೆಗೆ ನೈಟ್ರೇಟ್ ಅಥವಾ ಲವಣಾಂಶವೂ ಮಿತಿ ಮೀರಿದಲ್ಲಿ ಅಲ್ಯೂಮಿನಾ ಸಾಲದು. ಆಗ ಆರ್.ಒ. ಘಟಕದ ನೀರು ಅಥವಾ ನದಿ ಮೂಲದ ನಲ್ಲಿ ನೀರೇ ದಾರಿ.

ಆಯಸ್ಸಿನ ಲೆಕ್ಕ

ಶೋಧಕ ತಂದ ಮೇಲೆ ಅದರ ವಸ್ತು ಯಾವಾಗ ಮುಗಿಯುತ್ತದೆ ಎಂದು ಕೇಳುವವರು ಕಡಿಮೆ. ಉದಾಹರಣೆಗೆ, ಬಾವಿಯ ನೀರಿನಲ್ಲಿ ಲೀಟರಿಗೆ 4 ಮಿ.ಗ್ರಾಂ ಫ್ಲೋರೈಡ್ ಇದೆ, ಅದನ್ನು 1ಕ್ಕೆ ಇಳಿಸಬೇಕು ಎಂದಿಟ್ಟುಕೊಳ್ಳೋಣ. ಪ್ರತಿ ಲೀಟರಿಗೆ 3 ಮಿ.ಗ್ರಾಂ ತೆಗೆಯಬೇಕಾಗುತ್ತದೆ. ಈ ನೀರಿನಲ್ಲಿ ಒಂದು ಕಿಲೋ ಅಲ್ಯೂಮಿನಾ 1.5 ಗ್ರಾಂ ಹಿಡಿಯುತ್ತದೆ ಎಂದಾದರೆ 3 ಕಿಲೋ ಹಿಡಿಯುವುದು 4.5 ಗ್ರಾಂ, ಅಂದರೆ 1,500 ಲೀಟರ್ ನೀರಿಗೆ ಸಾಕು. ದಿನಕ್ಕೆ 20 ಲೀಟರ್ ಬಳಸುವ ಕುಟುಂಬಕ್ಕೆ ಇದು 75 ದಿನ. ವರ್ಷಗಟ್ಟಲೆ ಬರುತ್ತದೆ ಎಂಬ ಭರವಸೆಯನ್ನು ಈ ಲೆಕ್ಕದ ಎದುರು ಇಟ್ಟು ನೋಡಬೇಕು. ಸ್ನಾನಕ್ಕೆ, ಪಾತ್ರೆ ತೊಳೆಯಲು ಶೋಧಿಸಿದ ನೀರನ್ನು ಬಳಸದಿದ್ದರೆ ಆಯಸ್ಸು ಉಳಿಯುತ್ತದೆ.

ಮುಗಿದ ವಸ್ತು ಯಾವ ಸೂಚನೆಯನ್ನೂ ಕೊಡುವುದಿಲ್ಲ. ನೀರು ಮೊದಲಿನಂತೆಯೇ ತಿಳಿಯಾಗಿ ಬೀಳುತ್ತಿರುತ್ತದೆ, ಫ್ಲೋರೈಡ್ ಮಾತ್ರ ಹಾಗೇ ದಾಟಿ ಬರುತ್ತಿರುತ್ತದೆ. ಆದ್ದರಿಂದ ವಸ್ತು ಹಾಕಿದ ದಿನಾಂಕವನ್ನು ಶೋಧಕದ ಮೇಲೆಯೇ ಬರೆದಿಟ್ಟು, ಶೋಧಿಸಿದ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಅಲ್ಯೂಮಿನಾವನ್ನು ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆದು ಮರುಬಳಕೆ ಮಾಡಬಹುದಾದರೂ ಈ ಕೆಲಸವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಬಳಸಿದ ಹರಳನ್ನು ಬಾವಿ, ಹಳ್ಳದ ಬಳಿ ಸುರಿಯಬಾರದು.

ಮೇಲಿನ ಯಾವ ವಸ್ತುವೂ ರೋಗಾಣುಗಳನ್ನು ಕೊಲ್ಲುವುದಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರಿನಿಂದ ಅನೇಕರು ಅಸ್ವಸ್ಥರಾಗಿ ಸಾವುಗಳೂ ಸಂಭವಿಸಿದ್ದನ್ನು ಸಾರ್ವಜನಿಕರು ಮರೆತಿರಲಾರರು. ಇದ್ದಿಲು ಕ್ಲೋರಿನ್ ಅನ್ನೂ ತೆಗೆಯುವುದರಿಂದ ಶೋಧಿಸಿದ ನೀರನ್ನು ಕುದಿಸಿ, ಮುಚ್ಚಿಟ್ಟು ಕುಡಿಯುವುದು ಕ್ಷೇಮ.

ಅರ್ಜಿ ಸಲ್ಲಿಸುವವರಿಗೆ

ನೀರಿನ ಪರೀಕ್ಷೆ ಅಥವಾ ಪರ್ಯಾಯ ಮೂಲವನ್ನು ಕೋರುವವರು ತಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಕೊಳವೆ ಬಾವಿ ಇರುವ ಸ್ಥಳ, ಅದರ ಆಳ, ಅದೇ ನೀರನ್ನು ಬಳಸುತ್ತಿರುವ ಮನೆಗಳ ಸಂಖ್ಯೆ ಹಾಗೂ ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದಲ್ಲಿ ಆ ವಿವರವನ್ನು ನಮೂದಿಸುವುದು. ಹಿಂದಿನ ಪರೀಕ್ಷಾ ವರದಿ ಇದ್ದಲ್ಲಿ ಪ್ರತಿಯನ್ನು ಲಗತ್ತಿಸುವುದು ಮತ್ತು ಮನವಿಗೆ ಸ್ವೀಕೃತಿ ಪಡೆಯುವುದು.