ವಸತಿ, ಬೀಡು ಮತ್ತು ನೆಲ್ಯಾಡಿಯ ಅತಿಥಿಗಳು

ಫಲ್ಗುಣಿ ನದಿಯ ಬಳಿಯ ಪೊಳಲಿಯಲ್ಲಿ ರಾಜರಾಜೇಶ್ವರಿಯ ದರ್ಶನ ಪಡೆದು, ಮೂಡುಬಿದಿರೆಯ ಬಸದಿಗಳಿಗೂ ಅಲ್ಲಿಂದ ವೇಣೂರು, ಧರ್ಮಸ್ಥಳಗಳಿಗೂ ಕಾಲ್ನಡಿಗೆಯಲ್ಲಿ ಹೊರಟ ಹಿಂದಿನ ಕಾಲದ ಯಾತ್ರಿಕನಿಗೆ ದಾರಿಯಲ್ಲಿ ಇರುಳು ಕಳೆಯಲು ಒಂದು ತಾವು ಬೇಕಾಗಿತ್ತು. ಆ ತಾವಿನ ಚರಿತ್ರೆಯನ್ನು ಈ ಸೀಮೆಯ ಎರಡು ಪದಗಳಲ್ಲಿ ಓದಬಹುದು.

ಮೊದಲನೆಯದು ‘ಬಸದಿ’. ಇದು ಸಂಸ್ಕೃತದ ‘ವಸತಿ’ಯ ತದ್ಭವ. ಅಮರಕೋಶವು ವಸತಿಗೆ ಮನೆ, ರಾತ್ರಿ ಎಂಬ ಎರಡೂ ಅರ್ಥಗಳನ್ನು ಹೇಳುತ್ತದೆ. ಇಂದು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂದು ಪ್ರಸಿದ್ಧವಾಗಿರುವ ಚತುರ್ವಿಧ ದಾನವನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಆಹಾರ, ಔಷಧ, ಉಪಕರಣ, ಆವಾಸಗಳೆಂದು ಎಣಿಸುತ್ತಾರೆ. ತಂಗಲು ನೆಲೆ ಕೊಡುವುದು ಅನ್ನವನ್ನು ನೀಡುವುದಕ್ಕೆ ಸಮನಾದ ಶ್ರಾವಕಧರ್ಮವೆಂಬುದು ಇಲ್ಲಿಯ ಭಾವ.

ಎರಡನೆಯದು ‘ಬೀಡು’. ‘ಬಿಡು’ ಧಾತುವಿನಿಂದ ಬಂದ ಈ ಪದಕ್ಕೆ ತಂಗುದಾಣ, ಪಾಳೆಯ ಎಂಬ ಅರ್ಥಗಳಿವೆ. ಶಾಸನಗಳ ‘ನೆಲೆವೀಡು’ ಅರಸನು ನೆಲೆನಿಂತ ಸ್ಥಳ. ತುಳುನಾಡಿನಲ್ಲಿ ಅದೇ ಪದ ಜೈನ ಹಾಗೂ ಬಂಟ ಮನೆತನಗಳ ದೊಡ್ಡಮನೆಗೆ ಹೆಸರಾಯಿತು. ತಾತ್ಕಾಲಿಕ ತಂಗುದಾಣದ ಪದವು ಸ್ಥಿರವಾದ ಮನೆಯನ್ನು ಸೂಚಿಸತೊಡಗಿತು.

ಈ ಎರಡೂ ಪದಗಳ ಅರ್ಥ ಕೂಡಿಬರುವುದು ಬೆಳ್ತಂಗಡಿ ಸೀಮೆಯ ನೆಲ್ಯಾಡಿ ಬೀಡಿನ ಐತಿಹ್ಯದಲ್ಲಿ. ಸುಮಾರು 800 ವರ್ಷಗಳ ಹಿಂದೆ, ಮಲ್ಲರ್ಮಾಡಿಯ ಕುಡುಮದಲ್ಲಿ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿಗಳಿದ್ದರೆಂದೂ, ಧರ್ಮದೈವಗಳು ಮನುಷ್ಯರೂಪದಲ್ಲಿ ಅವರ ಮನೆಗೆ ಬಂದವೆಂದೂ ಕ್ಷೇತ್ರದ ಕಥೆ ಹೇಳುತ್ತದೆ. ದಂಪತಿಗಳು ಬಂದವರ ಗುರುತು ಕೇಳದೆ ಸತ್ಕರಿಸಿದರು. ಅಂದಿನ ರಾತ್ರಿ ದೈವಗಳು ಪೆರ್ಗಡೆಯ ಕನಸಿನಲ್ಲಿ ಕಾಣಿಸಿಕೊಂಡು, ಆ ಮನೆಯನ್ನೇ ತಮಗೆ ಬಿಟ್ಟುಕೊಡುವಂತೆ ಕೇಳಿದವು. ಪೆರ್ಗಡೆ ಮರುಮಾತಿಲ್ಲದೆ ತನಗೆ ಬೇರೊಂದು ಮನೆ ಕಟ್ಟಿಕೊಂಡನು. ಒಂದಿರುಳಿಗೆ ಬಂದವರು ಮನೆಯವರಾದರು, ಮನೆಯೊಡೆಯನೇ ಹೊರನಡೆದನು. ‘ಬೀಡು’ ಪದದೊಳಗಿನ ‘ಬಿಡು’ ಇಲ್ಲಿ ಮತ್ತೆ ಜೀವ ಪಡೆಯಿತು.

ಮುಂದೆ ಅಣ್ಣಪ್ಪ ದೈವವು ಕದ್ರಿಯಿಂದ ಮಂಜುನಾಥನ ಲಿಂಗವನ್ನು ತಂದಿತೆಂಬುದು ಅದೇ ಐತಿಹ್ಯದ ಮುಂದುವರಿಕೆ. 16ನೆಯ ಶತಮಾನದಲ್ಲಿ ದೇವರಾಜ ಹೆಗ್ಗಡೆಯವರು ಸೋದೆಯ ವಾದಿರಾಜರನ್ನು ಆಹ್ವಾನಿಸಿದರು. ಲಿಂಗಕ್ಕೆ ವೈದಿಕ ವಿಧಿಯ ಪ್ರತಿಷ್ಠೆಯಾಗಿಲ್ಲವೆಂಬ ಕಾರಣದಿಂದ ಯತಿಗಳು ಅಲ್ಲಿ ಭಿಕ್ಷೆ ಸ್ವೀಕರಿಸಲು ಒಪ್ಪಲಿಲ್ಲ. ಅತಿಥಿಯು ಅನ್ನವನ್ನು ಒಲ್ಲೆನೆನ್ನುವುದು ಆತಿಥೇಯನಿಗೆ ದೊಡ್ಡ ಪರೀಕ್ಷೆ. ಹೆಗ್ಗಡೆಯವರು ಅದನ್ನು ಅವಮಾನವೆಂದು ಬಗೆಯದೆ, ಪ್ರತಿಷ್ಠೆಯನ್ನು ಅವರಿಂದಲೇ ನೆರವೇರಿಸಿದರು. ಕುಡುಮವು ಧರ್ಮಸ್ಥಳವಾದದ್ದು ಆಗ.

ಈ ಎರಡು ಪ್ರಸಂಗಗಳನ್ನು ಪವಾಡವೆಂದು ಮಾತ್ರ ಓದಿದರೆ ಅವುಗಳ ಚಾರಿತ್ರಿಕ ಅರ್ಥ ಕೈತಪ್ಪುತ್ತದೆ. ಎರಡರಲ್ಲಿಯೂ ಅತಿಥಿ ಆತಿಥೇಯನ ಮತದವನಲ್ಲ, ಎರಡರಲ್ಲಿಯೂ ಆತಿಥೇಯನು ತನ್ನ ಮತವನ್ನು ತೊರೆಯುವುದಿಲ್ಲ. ಜೈನ ಹೆಗ್ಗಡೆ, ಶಿವನ ಆಲಯ, ವೈಷ್ಣವ ಅರ್ಚಕರು ಎಂಬ ಧರ್ಮಸ್ಥಳದ ವ್ಯವಸ್ಥೆಯನ್ನು ಸಮನ್ವಯವೆಂದು ಹೊಗಳುವುದು ರೂಢಿ. ಆ ಸಮನ್ವಯದ ಬೇರು ತತ್ತ್ವಚರ್ಚೆಯಲ್ಲಿಲ್ಲ, ಬಂದವರಿಗೆ ಎಡೆಕೊಡುವ ಮನೆಯ ಆಚಾರದಲ್ಲಿದೆ. ಎಡೆಕೊಡುವುದೆಂದರೆ ತನ್ನದೊಂದಿಷ್ಟನ್ನು ಬಿಟ್ಟುಕೊಡುವುದು.

ಇಂದಿನ ಧರ್ಮಸ್ಥಳದಲ್ಲಿ ಯಾತ್ರಿಕರು ತಂಗಲು ನದಿಗಳ ಹೆಸರು ಹೊತ್ತ ದೊಡ್ಡ ವಸತಿಗೃಹಗಳಿವೆ. ಅವುಗಳ ಹಿಂದಿನ ಮೊದಲ ವಸತಿಗೃಹ ನೆಲ್ಯಾಡಿ ಬೀಡು. ಅಲ್ಲಿ ತಂಗಿದವರು ಮತ್ತೆ ಹೊರಡಲಿಲ್ಲ.